ಉರಿಗೂಡಿನ ಅಳತೆ ಮತ್ತು ನಮ್ಮ ಆತ್ಮವಂಚನೆ

ಮಲೆನಾಡಿನ ಹೋಂಸ್ಟೇಗಳಲ್ಲಿ ಹೊಸದೊಂದು ಅಲಂಕಾರ ಕಾಣಿಸಿಕೊಂಡಿದೆ. ಹಳೆಯ ಎಸ್ಟೇಟ್ ಬಂಗಲೆಗಳ ಅಗ್ಗಿಷ್ಟಿಕೆಯ ಗೂಡಿನೊಳಗೆ ಕೂರಿಸುವ, ಗಾಜಿನ ಬಾಗಿಲಿನ ಕಬ್ಬಿಣದ ಒಲೆ. ಮಾರುವವರ ಬಾಯಲ್ಲಿ ಇದು ‘ಇನ್ಸರ್ಟ್’. ತೆರೆದ ಅಗ್ಗಿಷ್ಟಿಕೆಯಲ್ಲಿ ಸೌದೆಯ ಶಾಖ ಕೋಣೆಗೆ ದಕ್ಕುವುದು ನೂರಕ್ಕೆ ಹತ್ತೋ ಹದಿನೈದೋ ಪಾಲು, ಇನ್ಸರ್ಟ್‌ನಲ್ಲಿ ಎಪ್ಪತ್ತೈದರವರೆಗೂ ದಕ್ಕುತ್ತದೆ, ಆದ್ದರಿಂದ ಇದು ಪರಿಸರಸ್ನೇಹಿ, ಇಂಥ ಹೋಂಸ್ಟೇಗಳನ್ನು ನಾವು ಬೆಂಬಲಿಸಬೇಕು ಎಂದು ನಮ್ಮ ಬಳಗದ ಸಭೆಯಲ್ಲಿಯೇ ಗೆಳೆಯರೊಬ್ಬರು ವಾದಿಸಿದರು. ಅಂಕಿ ಸುಳ್ಳಲ್ಲ. ಆದರೆ ಅದು ಹುಟ್ಟಿದ್ದು ಪ್ರಯೋಗಶಾಲೆಯಲ್ಲಿ, ಒಣಗಿದ ಸೌದೆಯನ್ನು ತೂಗಿ ಹಾಕಿ, ಗಾಳಿಯ ಕಿಂಡಿಯನ್ನು ಬೇಕಾದಷ್ಟು ತೆರೆದಿಟ್ಟು ಉರಿಸಿದಾಗ. ನಮ್ಮಲ್ಲಿ ಉರಿಯುವುದು ಹಾಗಲ್ಲ.

ಕಳೆದ ಚಳಿಗಾಲದಲ್ಲಿ ನೆರೆಯ ಹೋಂಸ್ಟೇಯವರೊಬ್ಬರು ಹೇಳಿಕಳಿಸಿದ್ದರು. “ಡಾಕ್ಟ್ರೇ, ಎರಡೇ ದಿನಕ್ಕೆ ಗಾಜು ಕಪ್ಪಾಗ್ತದೆ, ನಮ್ಮ ಸೌದೆಯಲ್ಲೇ ಏನೋ ದೋಷ ಇರಬೇಕು, ಬಂದು ನೋಡಿ” ಎಂದು. ಹೋಗಿ ಮೊದಲು ಅಳೆದದ್ದು ಸೌದೆಯನ್ನಲ್ಲ, ಕೋಣೆಯನ್ನು. ಹದಿನೈದು ಅಡಿ ಉದ್ದ, ಅಷ್ಟೇ ಅಗಲ, ಹತ್ತು ಅಡಿ ಎತ್ತರ; ಸುಮಾರು 64 ಘನ ಮೀಟರ್. ಒಲೆಯ ಉರಿಗೂಡು ಒಳ ಅಳತೆಯಲ್ಲಿ 40 ಸೆಂಟಿಮೀಟರ್ ಉದ್ದ, 30 ಆಳ, 30 ಎತ್ತರ. ಎಂದರೆ 36 ಲೀಟರ್. ಮಾರಿದವರು ಹೇಳಿದ ಸಾಮರ್ಥ್ಯ 12 ಕಿಲೋವ್ಯಾಟ್. ಇಷ್ಟು ದೊಡ್ಡದೇಕೆ ಎಂದರೆ, ರಾತ್ರಿ ಒಮ್ಮೆ ತುಂಬಿಸಿದರೆ ಬೆಳಗಿನವರೆಗೆ ಚಿಂತೆಯಿಲ್ಲವಂತೆ.

ಬ್ರಿಟನ್ನಿನಲ್ಲಿ ಒಲೆ ಮಾರುವವರು ಬಳಸುವ ಸ್ಥೂಲ ಲೆಕ್ಕವೊಂದಿದೆ: 14 ಘನ ಮೀಟರಿಗೆ ಒಂದು ಕಿಲೋವ್ಯಾಟ್. ಅದು ಹೊರಗೆ ಸೊನ್ನೆ ಡಿಗ್ರಿಯ ಆಸುಪಾಸು, ಒಳಗೆ 21 ಡಿಗ್ರಿ ಎಂದು ಭಾವಿಸಿದ ಲೆಕ್ಕ. ಆ ಪ್ರಕಾರ ಈ ಕೋಣೆಗೆ ನಾಲ್ಕೂವರೆ ಕಿಲೋವ್ಯಾಟ್ ಬೇಕು. ಆದರೆ ನಮ್ಮ ಚಳಿಯ ರಾತ್ರಿ ಹೊರಗೆ 14 ಡಿಗ್ರಿ ಇದ್ದರೆ ಅಂತರ 21 ಅಲ್ಲ, ಏಳು. ಆದ್ದರಿಂದ ಒಂದೂವರೆ ಕಿಲೋವ್ಯಾಟ್ ಸಾಕು. ಹೆಂಚಿನ ಮಾಡಿನ ಸಂದುಗಳಲ್ಲಿ ಶಾಖ ಸೋರುತ್ತದೆ ಎಂಬ ಆಕ್ಷೇಪವನ್ನು ಒಪ್ಪಿ ಎರಡರಷ್ಟು ಮಾಡೋಣ: ಮೂರು. ಖರೀದಿಸಿದ್ದು ಹನ್ನೆರಡು!

ಇದನ್ನೇ ಸೌದೆಗೆ ಪರಿವರ್ತಿಸಿದರೆ ಚಿತ್ರ ಇನ್ನೂ ಸ್ಪಷ್ಟ. ಶೇಕಡಾ 20ರಷ್ಟು ತೇವವಿರುವ ಒಂದು ಕೆಜಿ ಸೌದೆ ಯಾವ ಮರದ್ದಾದರೂ ಸುಮಾರು ನಾಲ್ಕು ಯೂನಿಟ್ ಶಾಖ ಕೊಡುತ್ತದೆ. ಮರ ಮರಕ್ಕೆ ವ್ಯತ್ಯಾಸ ಇರುವುದು ಮುಖ್ಯವಾಗಿ ಗಾತ್ರದಲ್ಲಿ, ತೂಕದಲ್ಲಲ್ಲ. ಮೂರು ಕಿಲೋವ್ಯಾಟ್ ಕೋಣೆಗೆ ದಕ್ಕಬೇಕಾದರೆ ಗಂಟೆಗೆ ಒಂದು ಕೆಜಿ ಸೌದೆ ಸಾಕು. ಒಂದಡಿ ಉದ್ದದ, ಮೂರು ಅಂಗುಲ ದಪ್ಪದ ತುಂಡನ್ನು ಎರಡಾಗಿ ಸೀಳಿದರೆ ಆ ಒಂದು ಕೆಜಿ ಆಯಿತು. ಅದೇ 36 ಲೀಟರ್ ಗೂಡಿನ ಮೂರನೆಯ ಒಂದು ಭಾಗವನ್ನಷ್ಟೇ ತುಂಬಿಸಿದರೂ, ಸಂದುಗಳನ್ನು ಕಳೆದು, ನಾಲ್ಕೂವರೆ ಕೆಜಿಗೆ ಕಡಿಮೆಯಿಲ್ಲದ ಸೌದೆ ಒಳಸೇರುತ್ತದೆ. ಅದು ಸರಿಯಾಗಿ ಉರಿದರೆ ಆ ಕೋಣೆಯಲ್ಲಿ ಯಾರೂ ಕೂರಲಾರರು. ಹಾಗಾಗಿ ಅತಿಥಿ ಏನು ಮಾಡುತ್ತಾನೆ? ಗಾಳಿಯ ಕಿಂಡಿ ಮುಚ್ಚುತ್ತಾನೆ.

ಇಲ್ಲಿಂದಲೇ ಅನರ್ಥ. ಒಣಸೌದೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಬಿಸಿಗೆ ಅನಿಲವಾಗಿ ಹೊರಬರುತ್ತದೆ. ಆ ಅನಿಲ ಪೂರ್ತಿ ಉರಿಯಲು 600 ಡಿಗ್ರಿಗೂ ಮಿಕ್ಕ ಕಾವು ಬೇಕು, ಗಾಳಿ ಬೇಕು. ಕಿಂಡಿ ಮುಚ್ಚಿದ ದೊಡ್ಡ ಗೂಡಿನಲ್ಲಿ ಎರಡೂ ಇಲ್ಲ. ಸೌದೆ ಉರಿಯುವುದಿಲ್ಲ, ಬೇಯುತ್ತದೆ. ಹೊರಬಂದ ಅನಿಲ ಗಾಜಿಗೆ ಮಸಿಯಾಗಿ ಅಂಟುತ್ತದೆ, ಚಿಮಣಿಯಲ್ಲಿ ಟಾರಿನಂತೆ ಗಟ್ಟಿಯಾಗುತ್ತದೆ, ಉಳಿದದ್ದು ಹೊಗೆಯಾಗಿ ಕೂಲಿ ಲೈನಿನ ಮನೆಗಳ ಮೇಲೆ ಇಳಿಯುತ್ತದೆ. ಚಿಮಣಿಯ ಆ ಟಾರಿಗೆ ಒಂದು ದಿನ ಕಿಡಿ ತಾಗಿದರೆ ಮರದ ಪಕಾಸಿಗಳ ಮಾಡಿನ ಗತಿಯೇನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೌದೆಯ ದೋಷವೂ ಇತ್ತು. ರಾಶಿಯಲ್ಲಿದ್ದವು ಸೀಳದ, ತೊಗಟೆ ಸಮೇತ ಇದ್ದ ಕೊರಡುಗಳು. ಮೇಲೆ ಕಾಣುವಂತೆ ತೋಟದ ಸಿಲ್ವರ್ ಓಕ್. ಅಡಿಯಲ್ಲಿ ನಂದಿ, ಮತ್ತಿ. ಅವು ಯಾವ ತೋಟದಲ್ಲಿ ಬೆಳೆದವೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹಸಿ ಕೊರಡಿನ ತೂಕದಲ್ಲಿ ಅರ್ಧ ನೀರಿದ್ದರೆ ಕೆಜಿಗೆ ನಾಲ್ಕರ ಬದಲು ಎರಡು ಯೂನಿಟ್‌ಗಿಂತ ಸ್ವಲ್ಪವೇ ಹೆಚ್ಚು ಸಿಗುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಿ, ಸೂರಿನಡಿ ಇಟ್ಟ ಒಣಸೌದೆಯೂ ತೇವ ಹೀರಿಕೊಂಡು ಶೇಕಡಾ 20ರ ಆಸುಪಾಸಿಗೆ ಬರುತ್ತದೆ. ಹಸಿಯಾಗಿಯೇ ಒಳಸೇರಿದ್ದು ಆಷಾಢದಲ್ಲಿ ಒಣಗುವ ಮಾತೇ ಇಲ್ಲ. ಹಿಂದಿನವರು ಬೇಸಗೆಯಲ್ಲಿಯೇ ಸೀಳಿ ಸೌದೆ ಕೊಟ್ಟಿಗೆ ತುಂಬಿಸುತ್ತಿದ್ದುದು ಬರಿಯ ರೂಢಿಯಿಂದಲ್ಲ. ಪರೀಕ್ಷೆಗೆ ದುಬಾರಿ ಉಪಕರಣವೂ ಬೇಡ: ಗುರುತು ಹಾಕಿದ ನಾಲ್ಕು ಸೀಳುಗಳನ್ನು ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ಸಾಕು. ತೂಕ ಇಳಿಯುತ್ತಿರುವವರೆಗೆ ಸೌದೆ ಒಣಗಿಲ್ಲ.

ಈ ಪಾಠವನ್ನು ನಾವು ಒಮ್ಮೆ ಕಲಿತು ಮರೆತಿದ್ದೇವೆ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದಿಂದ 1980ರ ದಶಕದಲ್ಲಿ ಅಸ್ತ್ರ ಒಲೆ ಬಂತು. ಅದರ ಉರಿಗೂಡು ಬೇಕೆಂದೇ ಚಿಕ್ಕದು; ತುಂಡು ಸೌದೆ ಹಾಕಿ ಬಾಯಿ ಮುಚ್ಚಬೇಕು. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ನಿಲ್ಲುವವರೆಗೂ ಎಷ್ಟು ಒಲೆ ಕಟ್ಟಿದೆವು ಎಂಬ ಎಣಿಕೆ ನಡೆಯಿತು. ನಾನು ಬಲ್ಲ ಮನೆಗಳಲ್ಲಿ ಮಾತ್ರ ವರ್ಷ ತುಂಬುವುದರೊಳಗೆ ಒಲೆಯ ಬಾಯನ್ನು ಒಡೆದು ಹಿಗ್ಗಿಸಲಾಗಿತ್ತು. ಬೈದವರು ಹೆಂಗಸರನ್ನು ಬೈದರು. ಸೌದೆ ಹೊತ್ತು ತರುವವಳೂ ಅವಳೇ, ಕೊಡಲಿ ಹಿಡಿಯಬೇಕಾದವಳೂ ಅವಳೇ ಆದಾಗ ಉದ್ದದ ಕೊರಡನ್ನು ಹಾಗೆಯೇ ತಳ್ಳುವುದು ಅವಳ ಪಾಲಿಗೆ ಅವಿವೇಕವಲ್ಲ. ಒಲೆಗೆ ಸಹಾಯಧನ ಕೊಟ್ಟವರು ಸೀಳುವ ಕೆಲಸವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಹೋಂಸ್ಟೇಯ ಯಜಮಾನರಿಗೆ ಆ ನೆಪವಿಲ್ಲ. ರಾತ್ರಿಯೊಂದಕ್ಕೆ ಸಾವಿರಗಟ್ಟಲೆ ಪಡೆಯುವವರು ಸೌದೆ ಸೀಳುವ ಕೂಲಿಯನ್ನು ಉಳಿಸಲು ಗೂಡನ್ನು ಹಿಗ್ಗಿಸಿಕೊಳ್ಳುತ್ತಾರೆ, ನಾವು ಅದಕ್ಕೆ ಹಸಿರು ಮುದ್ರೆ ಒತ್ತಬೇಕಂತೆ!

ನನ್ನ ಮಟ್ಟಿಗೆ ಹೇಳುವುದಾದರೆ, 14 ಡಿಗ್ರಿಯ ಚಳಿಗೆ ಒಂದು ಕಂಬಳಿ ಸಾಕು. ಬೆಂಕಿಯೇ ಬೇಕೆನ್ನುವವರು ಸಿಗುವುದರಲ್ಲಿ ಅತಿ ಚಿಕ್ಕ ಗೂಡನ್ನು ಕೊಳ್ಳಲಿ. ಗೂಡಿಗಿಂತ ನಾಲ್ಕು ಬೆರಳು ಗಿಡ್ಡವಾಗಿ ಸೌದೆ ಕತ್ತರಿಸಲಿ, ಹಿಂಬದಿಯ ಗಾಳಿರಂಧ್ರಗಳನ್ನು ಮುಚ್ಚದಂತೆ ಎರಡೆರಡೇ ಸೀಳು ಇಡಲಿ, ಜ್ವಾಲೆ ಕಾಣುವಂತೆ ಉರಿಸಲಿ, ಮಲಗುವಾಗ ಆರಲು ಬಿಡಲಿ. ರಾತ್ರಿಯಿಡೀ ಬೆಂಕಿ ಎಂಬ ಜಾಹೀರಾತನ್ನು ಮೊದಲು ಕಿತ್ತುಹಾಕಲಿ. ಮುಂದಿನ ಸಭೆಗೆ ಈ ಬೆಂಬಲದ ಠರಾವು ಮತ್ತೆ ಬರಲಿದೆ. ತರುವವರು ಅದರ ಜೊತೆಗೆ ಕೋಣೆಯ ಅಳತೆ, ಉರಿಗೂಡಿನ ಒಳ ಅಳತೆ, ಒಂದು ಸಂಜೆ ಉರಿಸಿದ ಸೌದೆಯ ತೂಕ ಮತ್ತು ಆ ಸೌದೆ ಬಂದ ಜಾಗದ ಹೆಸರನ್ನೂ ತರಬೇಕೆಂದು ನನ್ನ ಬೇಡಿಕೆ.