ಒಂದು ಪಿಸ್ತೂಲು ಎಲ್ಲಿಂದ ಬಂತು?

2025ರ ಜನವರಿ 16ರಂದು ಬೀದರ್‌ನಲ್ಲಿ ಹಾಡಹಗಲೇ, ಜನರ ಕಣ್ಣೆದುರಿಗೇ, ಎಟಿಎಂಗೆ ಹಣ ತುಂಬಲು ಬಂದ ಸಿಬ್ಬಂದಿಯ ಮೇಲೆ ಗುಂಡು ಹಾರಿಸಿ ದುಡ್ಡಿನ ಪೆಟ್ಟಿಗೆ ಹೊತ್ತೊಯ್ದರು. ಹೊಟ್ಟೆಪಾಡಿಗೆ ದುಡಿಯುತ್ತಿದ್ದ ಒಬ್ಬರ ಪ್ರಾಣ ಹೋಯಿತು. ಮರುದಿನವೇ ಮಂಗಳೂರಿನ ಪಕ್ಕದ ಕೋಟೆಕಾರಿನಲ್ಲಿ ಸಹಕಾರಿ ಬ್ಯಾಂಕೊಂದಕ್ಕೆ ಬಂದೂಕು ಹಿಡಿದು ನುಗ್ಗಿದವರು ಚಿನ್ನ ದೋಚಿದರು. ಇಂಥ ಸುದ್ದಿ ಬಂದಾಗಲೆಲ್ಲ ವ್ಯಾಪಾರಿಗಳಿಂದ, ಒಂಟಿ ಮನೆಯವರಿಂದ ಒಂದು ಬೇಡಿಕೆ ಏಳುತ್ತದೆ: ಆತ್ಮರಕ್ಷಣೆಗೆ ನಮಗೂ ಬಂದೂಕಿನ ಪರವಾನಗಿ ಕೊಡಿ. ಅವರ ಭಯ ನಿಜವಾದದ್ದು. ಆದರೆ ಅವರು ಕೇಳುತ್ತಿರುವ ಪರಿಹಾರದಿಂದ ಊರು ಇನ್ನಷ್ಟು ಅಪಾಯಕ್ಕೆ ಬೀಳುತ್ತದೆ ಎಂದೇ ನಾನು ನಂಬಿದ್ದೇನೆ.

ದರೋಡೆಕೋರ ಬರುವಾಗಲೇ ಪಿಸ್ತೂಲು ಅವನ ಕೈಯಲ್ಲಿರುತ್ತದೆ. ಅಂಗಡಿಯವನದು ಗಲ್ಲಾಪೆಟ್ಟಿಗೆಯ ಕೆಳಗೆ ಬೀಗದಲ್ಲಿರುತ್ತದೆ. ಅದನ್ನು ತೆಗೆಯಲು ಕೈಚಾಚಿದ ಕ್ಷಣವೇ ಅವನ ಕೊನೆಯ ಕ್ಷಣವಾಗಬಹುದು. ಕಳ್ಳ ಬಾರದ ಉಳಿದ ದಿನಗಳಲ್ಲೂ ಆ ಬಂದೂಕು ಮನೆಯಲ್ಲೇ ಇರುತ್ತದೆ: ಜಗಳದ ರಾತ್ರಿಯಲ್ಲಿ, ಕುಡಿದ ಅಮಲಿನಲ್ಲಿ, ಬದುಕು ಸಾಕೆನಿಸಿದ ಗಳಿಗೆಯಲ್ಲಿ, ಮಕ್ಕಳ ಕೈಗೆಟುಕುವ ದೂರದಲ್ಲಿ. 1999ರಲ್ಲಿ ದೆಹಲಿಯಲ್ಲಿ ರೂಪದರ್ಶಿ ಜೆಸಿಕಾ ಲಾಲ್ ಗುಂಡೇಟಿಗೆ ಸತ್ತದ್ದು ಮದ್ಯ ಬಡಿಸಲು ಒಪ್ಪಲಿಲ್ಲವೆಂಬ ಕಾರಣಕ್ಕೆ. ಸಿಟ್ಟು ಬಂದವನ ಹತ್ತಿರ ಬಂದೂಕು ಇರದಿದ್ದರೆ ಅಲ್ಲಿ ನಡೆಯುತ್ತಿದ್ದದ್ದು ಹೆಚ್ಚೆಂದರೆ ಒಂದು ಕೂಗಾಟ. 2019ರ ಶಸ್ತ್ರಾಸ್ತ್ರ ಕಾಯ್ದೆ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿದ್ದು, ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಪಕ್ಕದವರಿಗೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಎಂದದ್ದು ಸರಿಯಾದ ಹೆಜ್ಜೆಗಳು.

ಹಾಗಾದರೆ ಕೊಡಗು? ಅಲ್ಲಿ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದೆ. 2029ರವರೆಗೆ ಅದನ್ನು ವಿಸ್ತರಿಸಲಾಗಿದೆ. ಅಲ್ಲೇನೂ ಬೀದಿಬೀದಿಯಲ್ಲಿ ಗುಂಡು ಹಾರುತ್ತಿಲ್ಲವಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಲ್ಲಿ ಯಾವ ಮನೆಯಲ್ಲಿ ಯಾವ ಕೋವಿ ಇದೆಯೆಂದು ನೆರೆಯವರಿಗೂ ಗೊತ್ತು, ಆಡಳಿತಕ್ಕೂ ಗೊತ್ತು. ಕೈಲ್ ಮುಹೂರ್ತ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಹುಟ್ಟು ಸಾವುಗಳನ್ನು ಗುಂಡಿನ ಸದ್ದಿನಿಂದ ಊರಿಗೆ ತಿಳಿಸುವ ಪದ್ಧತಿಯಿದೆ. ಕೋವಿಗೆ ಹೊಣೆಗಾರ ಇದ್ದಾನೆ, ಅವನನ್ನು ಕೇಳುವ ಊರೂ ಇದೆ. ಪಕ್ಕದ ಫ್ಲ್ಯಾಟಿನವರ ಹೆಸರೇ ಗೊತ್ತಿಲ್ಲದ ಬೆಂಗಳೂರಿಗೆ ಆ ಸಂಪ್ರದಾಯವನ್ನು ಎತ್ತಿ ತರಲಾಗದು.

ನಿಜವಾದ ತೊಡಕಿರುವುದು ಹೊಣೆಗಾರನೇ ಇಲ್ಲದ ಬಂದೂಕಿನಲ್ಲಿ, ನಾಡ ಪಿಸ್ತೂಲಿನಲ್ಲಿ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಮನೆಬಾಗಿಲಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನೂ ಮನೆಯ ಮುಂದೆಯೇ ಕೊಂದರು. ಎರಡೂ ಕಡೆ ಸಿಕ್ಕ ಗುಂಡುಗಳನ್ನು ಹೋಲಿಸಿ ನೋಡಿದ ವಿಧಿವಿಜ್ಞಾನ ತಜ್ಞರು ಅವು 7.65 ಎಂ.ಎಂ.ನ ಒಂದೇ ನಾಡ ಪಿಸ್ತೂಲಿನಿಂದ ಹಾರಿದವು ಎಂದರು. ಎರಡು ವರ್ಷ ಆ ಪಿಸ್ತೂಲು ಎಲ್ಲೋ ಒಂದು ಕಡೆ ಸುರಕ್ಷಿತವಾಗಿತ್ತು. ಮೊದಲ ಕೊಲೆಯ ಬಳಿಕವೇ ಅದರ ಜಾಡು ಸಿಕ್ಕಿದ್ದರೆ ಎರಡನೆಯದು ತಪ್ಪುತ್ತಿತ್ತೇನೋ ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ನಾಡ ಪಿಸ್ತೂಲು ಆಕಾಶದಿಂದ ಉದುರುವುದಿಲ್ಲ. ಬಿಹಾರದ ಮುಂಗೇರ್‌ನಲ್ಲಿ ಬಂದೂಕು ಮಾಡುವ ಕಸುಬು ಹದಿನೆಂಟನೆಯ ಶತಮಾನದ ನವಾಬ ಮೀರ್ ಕಾಸಿಮನ ಕಾಲದ್ದು. ಅಲ್ಲಿನ ಪರವಾನಗಿ ಕಾರ್ಖಾನೆಗಳಿಗೆ ಬೇಡಿಕೆ ಕುಸಿದಂತೆ ಕೈಚಳಕವುಳ್ಳ ಕುಶಲಕರ್ಮಿಗಳಲ್ಲಿ ಕೆಲವರು ಕಳ್ಳ ತಯಾರಿಕೆಗೆ ತಿರುಗಿದರು. ಮಧ್ಯಪ್ರದೇಶದ ಖರ್‌ಗೋನ್, ಬುರ್ಹಾನ್‌ಪುರದ ಕಡೆಯೂ ಇದೇ ದಂಧೆ ಇದೆ. ಅಲ್ಲಿಂದ ಕೈ ಬದಲಿಸುತ್ತ ಭೀಮಾ ತೀರಕ್ಕೂ ಬೆಂಗಳೂರಿಗೂ ಮಾಲು ಬರುತ್ತದೆ. ಚುನಾವಣೆ ಬಂದಾಗ ಪರವಾನಗಿ ಇರುವವರು ಠಾಣೆಗೆ ಹೋಗಿ ಬಂದೂಕು ಒಪ್ಪಿಸಿ ಬರುತ್ತಾರೆ. ಯಾವ ದಾಖಲೆಯಲ್ಲೂ ಇಲ್ಲದ ಪಿಸ್ತೂಲನ್ನು ಒಪ್ಪಿಸುವವರು ಯಾರು?

ಜಪ್ತಿಯ ಸುದ್ದಿಗಳೇನೋ ಬರುತ್ತಲೇ ಇರುತ್ತವೆ: ಮೇಜಿನ ಮೇಲೆ ಸಾಲಾಗಿಟ್ಟ ಪಿಸ್ತೂಲು, ಜೀವಂತ ಗುಂಡುಗಳು, ಹಿಂದೆ ನಿಂತ ಅಧಿಕಾರಿಗಳು. ಮಾರಿದವನು ಯಾರು, ಅವನಿಗೆ ತಂದುಕೊಟ್ಟವನು ಯಾರು, ಗುಂಡು ಯಾವ ಕಾರ್ಖಾನೆಯಿಂದ ಸೋರಿತು ಎಂಬುದು ಮಾತ್ರ ಅಪರೂಪಕ್ಕೆ ಹೊರಬರುತ್ತದೆ. ಪಿಸ್ತೂಲನ್ನು ಕಬ್ಬಿಣ ಕಾಸುವ ಯಾವ ಶೆಡ್ಡಿನಲ್ಲಾದರೂ ಮಾಡಬಹುದು, ಒಳ್ಳೆಯ ಗುಂಡನ್ನು ಹಾಗೆ ಮಾಡಲಾಗದು. ಹಾಗಾಗಿ ಪರವಾನಗಿ ಇರುವ ಅಂಗಡಿಗಳ ಗುಂಡಿನ ಲೆಕ್ಕವನ್ನು ಬಿಗಿ ಮಾಡುವುದೇ ಮೊದಲ ಕೆಲಸ.

ಜನರ ಪಾಲೂ ಇದರಲ್ಲಿದೆ. ಅಮೆರಿಕದ ಬಾಸ್ಟನ್ನಿನಲ್ಲಿ 1990ರ ದಶಕದಲ್ಲಿ ಹುಡುಗರು ಹುಡುಗರನ್ನೇ ಗುಂಡಿಟ್ಟು ಕೊಲ್ಲುತ್ತಿದ್ದಾಗ ಪೊಲೀಸರು, ಚರ್ಚಿನ ಪಾದ್ರಿಗಳು, ಬೀದಿಯಲ್ಲಿ ಕೆಲಸ ಮಾಡುವ ಸಮಾಜ ಕಾರ್ಯಕರ್ತರು ಒಟ್ಟಾಗಿ, ಅಪಾಯದ ಅಂಚಿನಲ್ಲಿದ್ದ ಗುಂಪುಗಳನ್ನೇ ನೇರವಾಗಿ ಕೂರಿಸಿಕೊಂಡು ಮಾತಾಡಿದರು. ಒಂದು ಕಡೆ ಕೆಲಸ, ಓದಿನ ನೆರವು. ಇನ್ನೊಂದು ಕಡೆ, ಗುಂಡು ಹಾರಿದರೆ ಬಿಡುವುದಿಲ್ಲವೆಂಬ ಖಚಿತ ಮಾತು. ಯುವಕರ ಕೊಲೆಗಳು ಅರ್ಧಕ್ಕಿಂತ ಕೆಳಗಿಳಿದವು. ನಮ್ಮಲ್ಲೂ ಯಾವ ಹುಡುಗ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡುತ್ತಾನೆಂದು ಓಣಿಗೆ ಗೊತ್ತಿರುತ್ತದೆ. ಠಾಣೆಗೆ ಹೋಗಿ ಹೇಳಿದವರ ಹೆಸರು ಸಂಜೆಯೊಳಗೆ ಆ ಹುಡುಗನಿಗೂ ಗೊತ್ತಾಗಬಹುದೆಂಬ ಅಂಜಿಕೆಯೇ ಬಾಯಿ ಕಟ್ಟುತ್ತದೆ. 2025ರಲ್ಲಿ ರಾಜ್ಯ ಶುರುಮಾಡಿದ ‘ಮನೆ ಮನೆಗೆ ಪೊಲೀಸ್’ ಯೋಜನೆ ಇಂಥ ಅಂಜಿಕೆಯನ್ನು ತೆಗೆಯಬೇಕು. ಹೇಳಿದವರ ಗುಟ್ಟು ಉಳಿಯಬೇಕು, ಬೀಟ್ ಪೇದೆ ಪದೇ ಪದೇ ಬದಲಾಗಬಾರದು. ಜಪ್ತಿಯಾದ ಪ್ರತಿ ನಾಡ ಪಿಸ್ತೂಲೂ ಎಲ್ಲಿ ತಯಾರಾಯಿತು, ಯಾರ್ಯಾರ ಕೈ ದಾಟಿತು, ಹಿಂದೆ ಎಲ್ಲಾದರೂ ಹಾರಿತ್ತೇ ಎಂಬ ವರದಿಯನ್ನು ನಗರವಾರು ವರ್ಷಕ್ಕೊಮ್ಮೆ ಪೊಲೀಸ್ ಇಲಾಖೆ ಸಾರ್ವಜನಿಕರ ಮುಂದಿಡಬೇಕು, ಅದರ ಮೇಲೆ ವಿಧಾನಸಭೆಯಲ್ಲಿ ಚರ್ಚೆಯಾಗಬೇಕು.