ಆಲೂಗಡ್ಡೆಯ ಆಚೆಗೂ ಊಟವಿದೆ

ಬೆಂಗಳೂರಿನ ಮಾರತ್ತಹಳ್ಳಿಯಲ್ಲಿ ಹಸಿದವನಿಗೆ ಹೋಟೆಲು ಹುಡುಕುವ ಕಷ್ಟವಿಲ್ಲ. ಹೊರವರ್ತುಲ ರಸ್ತೆಯ ಇಕ್ಕೆಲಗಳಲ್ಲಿ, ವರ್ತೂರು ಕಡೆಗೆ ಹೋಗುವ ದಾರಿಯಲ್ಲಿ, ಪಿ.ಜಿ.ಗಳು ಒತ್ತೊತ್ತಾಗಿ ನಿಂತ ಗಲ್ಲಿಗಳಲ್ಲಿ ದರ್ಶಿನಿಗಳೂ ಆಂಧ್ರ ಮೆಸ್ಸುಗಳೂ ಉತ್ತರ ಭಾರತದ ಊಟದ ಮನೆಗಳೂ ಸಾಲುಗಟ್ಟಿವೆ. ಅವುಗಳ ಆಹಾರ ಪಟ್ಟಿಯಲ್ಲಿ ಹೆಸರುಗಳಿಗೆ ಬರವಿಲ್ಲ. ಆದರೆ ತಟ್ಟೆಯಲ್ಲಿ ಬಂದು ಬೀಳುವ ಕಾಯಿಪಲ್ಲೆಗಳನ್ನು ಎಣಿಸಿದರೆ ಒಂದು ಕೈಯ ಬೆರಳುಗಳು ಸಾಕು. ಆಲೂಗಡ್ಡೆ, ಈರುಳ್ಳಿ, ಟೊಮೆಟೊ, ಹೂಕೋಸು. ಹೆಚ್ಚೆಂದರೆ ಕ್ಯಾರೆಟ್ಟು ಬೆರೆತ ಹುರುಳಿಕಾಯಿ ಪಲ್ಯ. ಉಳಿದ ಸ್ಥಾನವನ್ನೆಲ್ಲ ಪನೀರು ತುಂಬುತ್ತದೆ. ಹೆಸರು ಹತ್ತಾದರೂ ಗ್ರೇವಿ ಒಂದೇ.

ಇದನ್ನು ನಾಲಗೆಯ ದೂರು ಎಂದು ತಳ್ಳಿಹಾಕುವುದು ಸುಲಭ. ಆದರೆ ಮೂಡುಬಿದಿರೆಯಿಂದಲೋ ಬೆಳಗಾವಿಯ ಸೀಮೆಯಿಂದಲೋ ಕೆಲಸ ಹುಡುಕಿಕೊಂಡು ಬಂದು, ಇಲ್ಲಿನ ಪಿ.ಜಿ.ಯೊಂದರಲ್ಲಿ ನೆಲೆಸಿದ ಶ್ರಾವಕ ಯುವಕನ ಸ್ಥಿತಿಯನ್ನು ಯೋಚಿಸಬೇಕು. ಕಂದಮೂಲಗಳನ್ನು ಬಿಡುವ ನಿಯಮವನ್ನು ಅವನು ಮನೆಯಿಂದ ಹೊತ್ತು ತಂದಿದ್ದಾನೆ. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ, ಕ್ಯಾರೆಟ್ಟುಗಳನ್ನು ತೆಗೆದಮೇಲೆ ಅವನ ತಟ್ಟೆಯಲ್ಲಿ ಉಳಿಯುವುದು ಅನ್ನ ಮತ್ತು ಮೊಸರು. ಒಂದು ವಾರ ಅದನ್ನುಂಡು ತಾಳಬಹುದು, ಒಂದು ತಿಂಗಳೂ ತಾಳಬಹುದು. ವರ್ಷವಾಗುವಷ್ಟರಲ್ಲಿ ನಿಯಮವೇ ಸಡಿಲಗೊಳ್ಳುತ್ತದೆ. ಹೀಗೆ ಸಡಿಲಗೊಂಡದ್ದು ಯಾವ ತತ್ತ್ವಚರ್ಚೆಯಿಂದಲೂ ಅಲ್ಲ. ಒಂದು ಹೀರೆಕಾಯಿ ಪಲ್ಯ ಸಿಗದೆ ಹೋದದ್ದರಿಂದ.

ಹೋಟೆಲಿನವರನ್ನು ದೂಷಿಸಿ ಮುಗಿಸುವ ವಿಷಯವೂ ಇದಲ್ಲ. ಆಲೂಗಡ್ಡೆ, ಈರುಳ್ಳಿಗಳು ಚೀಲದಲ್ಲಿ ವಾರಗಟ್ಟಲೆ ಕೆಡದೆ ಇರುತ್ತವೆ. ಸೊಪ್ಪು ಸಂಜೆಯೊಳಗೆ ಬಾಡುತ್ತದೆ. ತೊಂಡೆಕಾಯಿಯ ತೊಟ್ಟು ತೆಗೆಯುವುದಕ್ಕೂ ದಂಟಿನ ಸೊಪ್ಪನ್ನು ಸೋಸುವುದಕ್ಕೂ ಕೈಗಳು ಬೇಕು, ಹೊತ್ತು ಬೇಕು. ಈರುಳ್ಳಿ, ಟೊಮೆಟೊ ಅರೆದು ಬೆಳಿಗ್ಗೆಯೇ ಗ್ರೇವಿ ಮಾಡಿಟ್ಟರೆ, ಕೇಳಿದವರಿಗೆ ಕೇಳಿದ್ದನ್ನು ಅದರಲ್ಲಿ ಹಾಕಿ ಐದು ನಿಮಿಷದಲ್ಲಿ ಬಡಿಸಬಹುದು. ಬಾಡಿಗೆ ಏರಿದ ಊರಿನಲ್ಲಿ ಮಾಲೀಕನು ಕೆಡದ ವಸ್ತುವನ್ನೇ ನೆಚ್ಚುವುದು ಸಹಜ. ಗಿರಾಕಿಯೂ ಬೇರೆಯದನ್ನು ಕೇಳುವುದಿಲ್ಲ. ಕೇಳದ ಕಾರಣ ಮಾಡುವುದಿಲ್ಲ. ಮಾಡದ ಕಾರಣ ಕೇಳುವ ಅಭ್ಯಾಸವೂ ತಪ್ಪಿಹೋಗಿದೆ.

ವಿಚಿತ್ರವೆಂದರೆ ಈ ಕೊರತೆ ಕಾಣುವುದು ತರಕಾರಿಯ ಸೀಮೆಯ ಹೊಸ್ತಿಲಿನಲ್ಲಿ. ಹೊಸಕೋಟೆ, ಮಾಲೂರು, ಕೋಲಾರ, ಆನೇಕಲ್ಲುಗಳ ತೋಟಗಳು ಮಾರತ್ತಹಳ್ಳಿಗೆ ದೂರವಲ್ಲ. ಹಾಗಲ, ಪಡವಲ, ಸೋರೆ, ಬೂದುಗುಂಬಳ, ಚಳಿಗಾಲದ ಅವರೆ, ನುಗ್ಗೆ, ಸಬ್ಬಸಿಗೆ, ಎಲ್ಲವೂ ಅದೇ ರಸ್ತೆಯಲ್ಲಿ ತಳ್ಳುಗಾಡಿಯ ಮೇಲೆ ಬರುತ್ತವೆ. ತಳ್ಳುಗಾಡಿಗೂ ಹೋಟೆಲಿನ ಅಡುಗೆಮನೆಗೂ ನಡುವಿನ ಹತ್ತು ಹೆಜ್ಜೆಯನ್ನು ಮಾತ್ರ ದಾಟುವುದಿಲ್ಲ.

ಜೈನ ಶಾಸ್ತ್ರವು ಈ ವಿಷಯದಲ್ಲಿ ಏನು ಹೇಳುತ್ತದೆ? ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಭೋಗೋಪಭೋಗ ಪರಿಮಾಣವು ಮೂರು ಗುಣವ್ರತಗಳಲ್ಲಿ ಒಂದು. ಒಮ್ಮೆ ಬಳಸಿ ಮುಗಿಯುವ ಆಹಾರದಂಥದ್ದು ಭೋಗ. ಮತ್ತೆ ಮತ್ತೆ ಬಳಸುವ ವಸ್ತ್ರದಂಥದ್ದು ಉಪಭೋಗ. ಇವುಗಳಿಗೆ ಗೃಹಸ್ಥನು ತಾನೇ ಮಿತಿ ಹಾಕಿಕೊಳ್ಳಬೇಕು. ಮೂಲಂಗಿ, ಹಸಿ ಶುಂಠಿ ಮೊದಲಾದವುಗಳನ್ನು ಬಿಡಬೇಕೆನ್ನುವಾಗ ಆಚಾರ್ಯರು ಕೊಡುವ ಕಾರಣ ಸ್ಪಷ್ಟವಾಗಿದೆ: ದೊರೆಯುವ ಫಲ ಅಲ್ಪ, ಆಗುವ ಜೀವಘಾತ ಬಹಳ. ಆಲೂಗಡ್ಡೆಯ ಹೆಸರು ಅಲ್ಲಿಲ್ಲ. ಅದು ದಕ್ಷಿಣ ಅಮೆರಿಕದಿಂದ ಯುರೋಪಿನವರ ಮೂಲಕ ಎಷ್ಟೋ ಶತಮಾನಗಳ ಅನಂತರ ಈ ನೆಲಕ್ಕೆ ಬಂದದ್ದು. ಆದರೆ ತತ್ತ್ವವು ಅದಕ್ಕೂ ಸಲ್ಲುತ್ತದೆ. ಗಡ್ಡೆಯನ್ನು ಅಗೆದರೆ ಗಿಡವೇ ಹೋಗುತ್ತದೆ. ಮಣ್ಣಿನ ಜೀವಿಗಳಿಗೂ ಕೇಡು. ಒಂದೇ ಶರೀರವನ್ನು ಆಶ್ರಯಿಸಿ ಅನಂತ ಜೀವಗಳಿರುವ ಅನಂತಕಾಯವೆಂದು ಅದನ್ನು ಎಣಿಸುತ್ತಾರೆ. ಚಪ್ಪರದ ಹೀರೆಕಾಯಿಯನ್ನು ಕಿತ್ತರೆ ಬಳ್ಳಿ ಉಳಿಯುತ್ತದೆ, ನಾಳೆ ಮತ್ತೆ ಕಾಯಿ ಬಿಡುತ್ತದೆ. ಕಡಿಮೆ ಹಿಂಸೆಯ ತರಕಾರಿಗಳು ಹೋಟೆಲಿನಲ್ಲಿ ಅಪರೂಪವಾಗಿ, ಹೆಚ್ಚು ಹಿಂಸೆಯದೇ ನಿತ್ಯದ ಊಟವಾಗಿರುವುದು ಯೋಚಿಸಬೇಕಾದ ಸಂಗತಿ.

ಅದೇ ಗ್ರಂಥದಲ್ಲಿ ಇನ್ನೊಂದು ಸೂಕ್ಷ್ಮ ಮಾತಿದೆ. ಅನುಭವಿಸಲು ಯೋಗ್ಯವಾದ ವಸ್ತುವನ್ನು ಸಂಕಲ್ಪಪೂರ್ವಕವಾಗಿ ಬಿಟ್ಟರೆ ಮಾತ್ರ ಅದು ವ್ರತ ಎಂಬುದು ಅದರ ತಾತ್ಪರ್ಯ. ಇಲ್ಲದ್ದನ್ನು ಬಿಡುವುದು ವ್ರತವಲ್ಲ. ಹಾಗಲಕಾಯಿಯನ್ನೇ ಕಾಣದವನು ಅಷ್ಟಮಿ, ಚತುರ್ದಶಿಗಳಂದು ಹಸಿರು ಬಿಟ್ಟೆನೆಂದರೆ ಅವನು ಬಿಟ್ಟದ್ದಾದರೂ ಏನು? ಚಾತುರ್ಮಾಸದಲ್ಲಿ ಸೊಪ್ಪುಗಳನ್ನು ತ್ಯಜಿಸುವವನಿಗೆ ಉಳಿದ ತಿಂಗಳುಗಳಲ್ಲಿ ಸೊಪ್ಪು ಸಿಗಬೇಕಷ್ಟೆ. ಇಂತಿಷ್ಟು ದಿನ, ಪಕ್ಷ, ಮಾಸ, ಋತು ಎಂದು ಕಾಲಮಿತಿಯೊಡನೆ ಕೈಕೊಳ್ಳುವುದನ್ನು ನಿಯಮವೆಂದೂ ಬದುಕಿರುವವರೆಗಿನದನ್ನು ಯಮವೆಂದೂ ಹಿರಿಯರು ವಿಂಗಡಿಸಿದರು. ಆ ವಿಂಗಡಣೆಯ ಹಿಂದೆ ಋತುಮಾನಕ್ಕೆ ತಕ್ಕಂತೆ ಬದಲಾಗುವ ಊಟವೊಂದಿತ್ತು. ವರ್ಷದ ಎಲ್ಲ ದಿನವೂ ಒಂದೇ ಆಗಿರುವ ತಟ್ಟೆಯಲ್ಲಿ ಋತುವಿಗೂ ಸ್ಥಳವಿಲ್ಲ, ನಿಯಮಕ್ಕೂ ಸ್ಥಳವಿಲ್ಲ.

ಸಂಯಮವೆಂದರೆ ಬಡ ಅಡುಗೆ ಎಂಬ ಭಾವನೆಯನ್ನು ಕನ್ನಡದ ಜೈನರು ಹಿಂದೆ ಒಪ್ಪಿದವರಲ್ಲ. ಪಾಕಶಾಸ್ತ್ರಕ್ಕೇ ಮೀಸಲಾದ ‘ಸೂಪಶಾಸ್ತ್ರ’ವನ್ನು 16ನೆಯ ಶತಮಾನದ ಆರಂಭದಲ್ಲಿ ರಚಿಸಿದ ಮೂರನೆಯ ಮಂಗರಸನು ಜೈನ ಕವಿ. ಅವನ ಕೃತಿ ಪೂರ್ಣವಾಗಿ ಸಸ್ಯಾಹಾರದ್ದು. ಬದನೆ, ಹಲಸು, ಬಾಳೆಗಳಂಥ ಒಂದೊಂದು ಕಾಯಿಯನ್ನೂ ಬಗೆಬಗೆಯಾಗಿ ಅಡುಗೆ ಮಾಡುವ ಕ್ರಮ ಅದರಲ್ಲಿದೆ. ಬಹುಬೀಜವೆಂದು ಬದನೆಯನ್ನು ಬಿಡುವ ಶ್ರಾವಕರು ಇಂದು ಹಲವರಿದ್ದಾರೆ. ಅದು ಬೇರೆಯ ಮಾತು. ಮಾಂಸವಿಲ್ಲದ ಅಡುಗೆಯೆಂದರೆ ಕೊರತೆಯ ಅಡುಗೆಯಲ್ಲ ಎಂಬುದನ್ನು ಆ ಕಾಲದಲ್ಲೇ ಅವನು ಬರೆದು ತೋರಿಸಿದ್ದಾನೆ.

ವೈವಿಧ್ಯವನ್ನು ಬಯಸುವುದೇ ರಸನೇಂದ್ರಿಯದ ದಾಸ್ಯವಲ್ಲವೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ವಿಷಯಗಳಲ್ಲಿ ಅತಿಯಾದ ಆಸೆಯನ್ನು ಈ ವ್ರತದ ಅತಿಚಾರಗಳಲ್ಲಿ ಎಣಿಸಲಾಗಿದೆ. ರಸಪರಿತ್ಯಾಗವು ಆರು ಬಾಹ್ಯ ತಪಸ್ಸುಗಳಲ್ಲಿ ಒಂದು. ಆದರೆ ಬಗೆಬಗೆಯ ಕಾಯಿ ಬೇರೆ, ಬಗೆಬಗೆಯ ರುಚಿಯ ಲೋಭ ಬೇರೆ. ಬೆಣ್ಣೆ, ಗೋಡಂಬಿ, ಕೆನೆ ಸುರಿದ ಒಂದೇ ಪನೀರಿನ ಪದಾರ್ಥವನ್ನು ದಿನವೂ ಉಣ್ಣುವವನು ರಸವನ್ನು ಬಿಟ್ಟವನಾಗುವುದಿಲ್ಲ. ಇಂದು ಸೋರೆಕಾಯಿ, ನಾಳೆ ಪಡವಲಕಾಯಿ ಎಂದು ಸಪ್ಪೆಯಾಗಿ ಉಣ್ಣುವವನು ಲೋಲುಪನೂ ಆಗುವುದಿಲ್ಲ. ಒಂದು ಊಟದಲ್ಲಿ ಹತ್ತು ಪದಾರ್ಥ ಬೇಕೆನ್ನುವುದು ಆಸೆ. ಹತ್ತು ದಿನಗಳಲ್ಲಿ ಹತ್ತು ತರಕಾರಿ ಬರಲಿ ಎನ್ನುವುದು ವಿವೇಕ.

ದೇಹದ ದೃಷ್ಟಿಯಿಂದಲೂ ಇದು ವಿವೇಕವೇ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಲೂಗಡ್ಡೆ, ಗೆಣಸು ಮೊದಲಾದ ಪಿಷ್ಟದ ಗಡ್ಡೆಗಳನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಆಲೂ ಪಲ್ಯ ತಿಂದವನು ಅಂದು ತರಕಾರಿ ತಿಂದಂತಾಗಲಿಲ್ಲ. ಶರೀರವು ಧರ್ಮಸಾಧನ, ಅದನ್ನು ಅಲಕ್ಷಿಸಿ ಯಾವ ವ್ರತವೂ ಬಹುಕಾಲ ನಿಲ್ಲದು.

ಇನ್ನು ಕೆಲವು ಹೋಟೆಲುಗಳ ಪಟ್ಟಿಯಲ್ಲಿ ‘ಜೈನ್’ ಎಂಬ ಗುರುತು ಕಾಣುತ್ತದೆ. ಅದರಿಂದ ಉಪಕಾರವಾಗಿದೆ, ನಿಜ. ಆದರೆ ಈರುಳ್ಳಿ ತೆಗೆದ ಅದೇ ಪನೀರು, ಆಲೂಗಡ್ಡೆಯ ಬದಲು ಬಾಳೆಕಾಯಿ ಹಾಕಿದ ಅದೇ ಪಾವ್ ಭಾಜಿ, ಇಷ್ಟಕ್ಕೇ ಜೈನ ಆಹಾರವೆಂಬ ಮಾತು ಮುಗಿದರೆ ಅಹಿಂಸೆಯು ಒಂದು ಕಳೆಯುವ ಲೆಕ್ಕವಾಗಿಬಿಡುತ್ತದೆ. ಏನು ಬೇಡವೆಂಬುದನ್ನು ಸಮಾಜ ಹೋಟೆಲುಗಳಿಗೆ ಚೆನ್ನಾಗಿಯೇ ತಿಳಿಸಿದೆ. ಏನು ಬೇಕೆಂಬುದನ್ನು ತಿಳಿಸಿಲ್ಲ.

ತಿಳಿಸುವುದು ಕಷ್ಟವೇನಲ್ಲ. ಒಂದೇ ಕಚೇರಿಯ ಹತ್ತು ಜನ, ಒಂದೇ ಪಿ.ಜಿ.ಯ ಇಪ್ಪತ್ತು ಜನ ಸೇರಿ ತಾವು ನಿತ್ಯ ಉಣ್ಣುವ ಮೆಸ್ಸಿನವನಿಗೆ ಹಿಂದಿನ ದಿನವೇ ಹೇಳಿದರೆ, ಒಂದು ಋತುಮಾನದ ಪಲ್ಯವನ್ನು ಈರುಳ್ಳಿಯಿಲ್ಲದೆ ಮಾಡಿಕೊಡಲು ಅವನಿಗೆ ನಷ್ಟವಿಲ್ಲ. ಇಷ್ಟು ಜನ ಉಣ್ಣುವುದು ನಿಶ್ಚಯವೆಂದಾದರೆ ಸೊಪ್ಪು ಬಾಡುವ ಭಯವೂ ಇಲ್ಲ. ಕೇಳಿದ ಮೇಲೆ ತಟ್ಟೆಯಲ್ಲಿ ಬಿಡದೆ ಉಣ್ಣುವುದು, ಸೋಸುವ ಶ್ರಮಕ್ಕೆ ನಾಲ್ಕು ರೂಪಾಯಿ ಹೆಚ್ಚು ಕೊಡಲು ಗೊಣಗದಿರುವುದು ಕೇಳುವವರ ಧರ್ಮ. ನಗರದ ಬಸದಿಗಳ ಸಮಿತಿಗಳು ಯಾವ ತಿಂಗಳಲ್ಲಿ ಯಾವ ಕಾಯಿ ಎಂಬ ಪಟ್ಟಿಯೊಂದನ್ನು ಅಚ್ಚುಹಾಕಿಸಿ ಯುವಕರ ಕೈಗಿಟ್ಟರೆ ಅದೂ ಒಂದು ಶಾಸ್ತ್ರದಾನವೇ. ಇದರ ಲಾಭ ಜೈನರಿಗಷ್ಟೇ ಅಲ್ಲ. ಪಕ್ಕದ ಮೇಜಿನವನಿಗೂ ಸೋರೆಕಾಯಿ ಸಿಗುತ್ತದೆ, ಹೊಸಕೋಟೆಯ ರೈತನಿಗೂ ಗಿರಾಕಿ ಸಿಗುತ್ತಾನೆ.

ಊರು ಬಿಟ್ಟು ಬಂದ ಮಕ್ಕಳು ವ್ರತ ಬಿಟ್ಟರೆಂದು ಹಿರಿಯರು ನೊಂದುಕೊಳ್ಳುತ್ತಾರೆ. ನೋಯುವ ಮುನ್ನ ಅವರು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ವ್ರತವನ್ನು ಉಳಿಸಿಕೊಳ್ಳಲು ಬೇಕಾದ ಊಟವನ್ನು ಆ ಮಕ್ಕಳಿಗೆ ಯಾರು ಒದಗಿಸಿದರು? ಬೇಡವೆನ್ನುವುದನ್ನು ಕಲಿಸಿದ ಸಮಾಜವೇ ಬೇಕಾದದ್ದನ್ನು ಕೇಳಿ ಪಡೆಯುವುದನ್ನೂ ಕಲಿಸಬೇಕಾಗಿದೆ.