ಮೊದಲು ಗಾಲಿ ನೋಡಿ

ಮುಂಬಯಿಯ ಕಡೆಯಿಂದ ಬಂದ ರೈಲು ಹಳಿಯೂ ಮದ್ರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ನಮ್ಮ ರಾಯಚೂರಿನಲ್ಲಿಯೇ ಕೂಡಿದವೆಂಬುದು ನಮ್ಮೂರಿನ ಹೆಮ್ಮೆ. ಆದರೆ ದೇವದುರ್ಗಕ್ಕೆ ಇಂದಿಗೂ ರೈಲಿಲ್ಲ. ಆ ತಾಲ್ಲೂಕಿನವನಾದ ನಾನು ಎಂಜಿನ್ನಿನ ಗಾಲಿಯನ್ನು ಮೊದಲ ಸಲ ಕೈಯಿಂದ ಮುಟ್ಟಿದ್ದು ಮಾನ್ವಿಯಲ್ಲಿ, ನನ್ನ ಅಕ್ಕನ ಮನೆಯಲ್ಲಿ. ಅದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಗಾಲಿ. ಅಕ್ಕನ ಮಗನಿಗೆ ಅವನ ಚಿಕ್ಕಪ್ಪ ಹೈದರಾಬಾದಿನಿಂದ ತಂದುಕೊಟ್ಟ ಮಾದರಿ ರೈಲಿನದು.

ಕೆಲವು ದಿನ ಸೊಗಸಾಗಿ ಓಡಿದ ಆ ಎಂಜಿನ್ ಆಮೇಲೆ ನಡುನಡುವೆ ನಿಲ್ಲತೊಡಗಿತು. ಬೆರಳಿನಿಂದ ತಳ್ಳಿದರೆ ನಾಲ್ಕು ಗೇಣು ಹೋಗಿ ಮತ್ತೆ ನಿಲ್ಲುವುದು. ಮನೆಯಲ್ಲಿ ಓದಿದವನು ನಾನೊಬ್ಬನೇ. ಆದುದರಿಂದ ಎಲ್ಲರೂ ನನ್ನ ಮುಖ ನೋಡಿದರು. "ಮೋಟಾರು ಕೆಟ್ಟಿದೆ" ಎಂದು ನಾನು ತೀರ್ಪು ಕೊಟ್ಟು ಬಿಚ್ಚಿಯೇ ಬಿಟ್ಟೆ. ಒಳಗಿನ ಕೂದಲೆಳೆಯಂಥ ಸ್ಪ್ರಿಂಗೊಂದು ಚಿಮ್ಮಿ ಹೋಯಿತು, ಇಂದಿಗೂ ಸಿಕ್ಕಿಲ್ಲ.

ಮಾರನೆಯ ದಿನ ಊರಿನಿಂದ ಬಂದ ಅಪ್ಪ, ಬಂಡಿ ಹೂಡಿಯೇ ಬದುಕಿದವರು, ಎಂಜಿನ್ನನ್ನು ಬೋರಲು ಹಾಕಿ, "ಬಿಚ್ಚೂದಕ್ಕಿಂತ ಮೊದ್ಲು ಗಾಲಿ ತಿರುವಿ ನೋಡಿದೇನು?" ಎಂದು ಕೇಳಿದರು. ನಾನು ನೋಡಿರಲಿಲ್ಲ. ಗಾಲಿಗಳ ಅಂಚೆಲ್ಲ ಕಪ್ಪಾಗಿತ್ತು. ಅಚ್ಚಿಗೆ ಕೌದಿಯ ನೂಲೆಳೆ ಸುತ್ತಿಕೊಂಡಿತ್ತು. ಮೋಟಾರು ಕೆಟ್ಟಿರಲಿಲ್ಲ, ಅದನ್ನು ಕೆಡಿಸಿದವನು ನಾನು.

ಆಮೇಲೆ ನಾನು ಕಲಿತ ಕ್ರಮವಿಷ್ಟು. ಈ ಬಗೆಯ ರೈಲಿಗೆ ವಿದ್ಯುತ್ತು ಹಳಿಯಿಂದ ಗಾಲಿಯ ಮೂಲಕವೇ ಏರಬೇಕು. ಗಾಲಿ ಕೊಳೆಯಾದರೆ ಎಂಜಿನ್ ತಡವರಿಸುವುದು ಸಹಜ. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಗಾಲಿಯನ್ನೂ ಹಳಿಯನ್ನೂ ಒರೆಸಬೇಕು. ಉಪ್ಪುಕಾಗದದಿಂದ ಉಜ್ಜಬಾರದು, ಗೀರುಬಿದ್ದಲ್ಲಿ ಕೊಳೆ ಇನ್ನೂ ಬೇಗ ಕೂಡುತ್ತದೆ. ಅಚ್ಚಿನ ನೂಲನ್ನು ಚಿಮಟದಿಂದ ತೆಗೆದು, ತೆಳುವಾದ ಎಣ್ಣೆಯನ್ನು ಒಂದೇ ಹನಿ ಬಿಡಬೇಕು. ಅದು ಗಾಲಿಯ ಅಂಚಿಗೆ ಹರಿಯಬಾರದು. ಮೋಟಾರು ತಿರುಗಿಯೂ ಗಾಲಿ ತಿರುಗದಿದ್ದರೆ ಅಚ್ಚಿನ ಮೇಲಿನ ಪ್ಲಾಸ್ಟಿಕ್ ಹಲ್ಲುಗಾಲಿ ಸೀಳಿದೆಯೇ ಎಂದು ನೋಡಬೇಕು. ಗಾಲಿ ತಿರುಗಿಯೂ ಬಂಡಿ ಮುಂದೆ ಸಾಗದಿದ್ದರೆ ಹಿಡಿತ ಹೋಗಿದೆಯೆಂದರ್ಥ. ಕೆಲವು ಎಂಜಿನ್ನುಗಳ ಗಾಲಿಗೆ ತೊಡಿಸಿರುವ ರಬ್ಬರ್ ಉಂಗುರ ಸವೆದಿರಬಹುದು. ದೊಡ್ಡ ಎಂಜಿನ್ನೂ ಹೀಗೆ ಜಾರುವುದುಂಟು. ಆಗ ಚಾಲಕನು ಗಾಲಿಯ ಮುಂದೆ ಹಳಿಯ ಮೇಲೆ ಮರಳು ಸುರಿಸುತ್ತಾನೆ. ಒಂದೇ ಜಾಗದಲ್ಲಿ ಹಳಿ ತಪ್ಪಿದರೆ ದೋಷ ಹೆಚ್ಚಾಗಿ ಹಳಿಯದು, ಎಲ್ಲೆಡೆಯೂ ತಪ್ಪಿದರೆ ಗಾಲಿಗಳ ನಡುವಿನ ಅಂತರದ್ದು. ಇಷ್ಟೂ ಆದ ಮೇಲೆಯೇ ಮೋಟಾರಿನ ಸರದಿ.

ಇದು ಆಟಿಕೆಯ ಮಾತೆಂದು ವಾಚಕರು ನಗಬಹುದು. ಆದರೆ ನನ್ನ ನಮ್ರ ಅಭಿಪ್ರಾಯದಲ್ಲಿ ಇದು ನಮ್ಮ ವಿದ್ಯೆಯದೇ ಮಾತು. ಬಿ.ಎ. ವಿದ್ಯಾರ್ಥಿಗಳಾದ ನಾವು ಒಂದು ಘಟನೆಗೆ ಐದು ಕಾರಣಗಳನ್ನು ಬರೆದು ಅಂಕ ಗಳಿಸುತ್ತೇವೆ. ಆ ಐದರಲ್ಲಿ ನಿಜವಾದುದು ಯಾವುದೆಂದು ಒಂದೊಂದನ್ನೇ ತೆಗೆದು ನೋಡುವ ಅಭ್ಯಾಸ ನಮಗೆಲ್ಲಿದೆ? ಉತ್ತರಪತ್ರಿಕೆ ನಮ್ಮ ಊಹೆಯನ್ನು ಸಹಿಸಿಕೊಳ್ಳುತ್ತದೆ, ಗಾಲಿ ಸಹಿಸುವುದಿಲ್ಲ. "ಅದು ಐ.ಟಿ.ಐ. ಹುಡುಗರ ಕೆಲಸ" ಎನ್ನುವ ಗೆಳೆಯರಿದ್ದಾರೆ. ಕೈಕೆಲಸ ಅವರದು, ಯೋಚನೆ ನಮ್ಮದು ಎಂಬ ಈ ಹಂಚಿಕೆಯಿಂದ ನಷ್ಟವಾಗುವುದು ನಮಗೇ. ಅಂದು ನನ್ನ ಕೈಯಷ್ಟೇ ಅಲ್ಲ, ಯೋಚನೆಯೂ ತಪ್ಪಿತ್ತಲ್ಲವೇ?

ಆದುದರಿಂದ ಗುರುಗಳಲ್ಲಿ ನನ್ನದೊಂದು ವಿನಂತಿ. ಶನಿವಾರಕ್ಕೊಂದು ಗಂಟೆ, ಕೆಟ್ಟುಹೋದ ಒಂದು ವಸ್ತುವನ್ನು, ಮಾದರಿ ಎಂಜಿನ್ನಾಗಲಿ, ಗಡಿಯಾರವಾಗಲಿ, ಮೇಜಿನ ಮೇಲಿಟ್ಟು ನಮ್ಮನ್ನು ಸುತ್ತ ಕೂರಿಸಿರಿ. ಒಂದು ಸ್ಕ್ರೂಡ್ರೈವರ್, ಒಂದು ಚಿಮಟ, ಒಂದು ಬಟ್ಟೆ, ಬಿಚ್ಚಿದ್ದು ಕಳೆಯದಂತೆ ಇಡಲು ಒಂದು ತಟ್ಟೆ ಸಾಕು. ಹೊರಗಿನದನ್ನು ನೋಡದೆ ಒಳಗಿನದನ್ನು ಬಿಚ್ಚಬಾರದೆಂಬುದೊಂದೇ ನಿಯಮವಿರಲಿ.

ಆ ಎಂಜಿನ್ ಮಾನ್ವಿಯ ಮನೆಯ ಮಾಡಿನಲ್ಲಿ ಹಾಗೆಯೇ ಕುಳಿತಿದೆ. ಹೋದಾಗಲೆಲ್ಲ ಹುಡುಗ ಕೇಳುತ್ತಾನೆ: "ಮಾಮಾ, ರಿಪೇರಿ ಕಲ್ತೇನು?" ಪದವಿ ಕೈಗೆ ಬರುವುದರೊಳಗೆ ಅವನಿಗೆ "ಹೂಂ" ಎನ್ನಬೇಕೆಂಬುದು ನನ್ನ ಆಸೆ.